ಅಕ್ಕನ ಬಚ್ಚಲು, ತಮ್ಮನ ಛಾವಣಿ

"ಮಾವ, ನಮಗೆ ಬೇಕಾದವರಲ್ಲಿ ಒಂದು ಕುಂದು ಕಂಡರೆ ಬಾಯಿಬಿಟ್ಟು ಹೇಳಬೇಕೋ, ನುಂಗಿಕೊಂಡು ಸುಮ್ಮನಿರಬೇಕೋ?"

ಕೇಳಿದವಳು ಹಾಲಮ್ಮ. ನನ್ನ ಅಕ್ಕನ ಮಗಳು, ನಲ್ಲಿ ಕೆಲಸದಲ್ಲಿ ನನ್ನ ಶಿಷ್ಯೆ. ಎರಡು ಮಕ್ಕಳ ತಾಯಿ. ಏಳು ವರ್ಷದಿಂದ ನನ್ನ ಜೊತೆ ಪೈಪು ಬಿಗಿಯುವ ಪಾನಾ ಹಿಡಿದು ಊರೂರು ತಿರುಗಿದ್ದಾಳೆ. ಇಂಥ ಪ್ರಶ್ನೆಯನ್ನು ಮಠದಲ್ಲಿ ಕೇಳಬೇಕು. ಆದರೆ ಮಠದ ಟ್ಯಾಂಕು ಸೋರಿದರೆ ಸ್ವಾಮಿಗಳೇ ನನಗೆ ಹೇಳಿಕಳಿಸುತ್ತಾರೆ. ಆದ್ದರಿಂದ ಅವಳು ನೇರವಾಗಿ ಮೂಲಕ್ಕೇ ಬಂದಳೆಂದು ನಾನು ತಿಳಿದೆ.

"ಕೂತ್ಕೊಳ್ಳವ್ವ," ಅಂದೆ. "ಇದಕ್ಕೊಂದು ಕತೆ ಇದೆ. ಎಲ್ಲವೂ ನಿಜ. ಕೆಲವು ಕಡೆ ಬೇಕಾದ್ದಕ್ಕಿಂತ ಹೆಚ್ಚೇ ನಿಜ."

ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅವನಿಗೆ ಒಬ್ಬಳು ಅಕ್ಕ. ತಾಯಿಯಿಲ್ಲದ ತಮ್ಮನನ್ನು ಅವಳೇ ಎತ್ತಿ ಆಡಿಸಿ ಬೆಳೆಸಿದ್ದಳು. ಕೆಳಗಿನ ಮನೆಯಲ್ಲಿ ತಮ್ಮ, ಮಹಡಿಯ ಮೇಲೆ ಅಕ್ಕ. ಅಕ್ಕನ ಬಚ್ಚಲು ತಮ್ಮನ ನಡುಮನೆಯ ನೆತ್ತಿಗೆ ಸರಿಯಾಗಿ ಇತ್ತು.

ಅಕ್ಕನಿಗೆ ಸ್ನಾನವೆಂದರೆ ಪ್ರಾಣ. ಒಂದು ದಿನ ತಮ್ಮನ ಛಾವಣಿಯಲ್ಲಿ ರೊಟ್ಟಿಯಗಲ ತೇವ ಕಂಡಿತು. ಹೇಳಿದರೆ ಅವಳು ನೊಂದುಕೊಳ್ಳುತ್ತಾಳೆ, ನಾಳೆಯಿಂದ ಒಂದು ಚೊಂಬು ನೀರಿನಲ್ಲಿ ಮೈ ಒರೆಸಿಕೊಂಡು ಎದ್ದುಬಿಡುತ್ತಾಳೆ ಎಂದು ಅವನು ಯೋಚಿಸಿದ. ಏಣಿ ತಂದು ತೇವದ ಮೇಲೆ ಸುಣ್ಣ ಬಳಿದ.

ಸುಣ್ಣಕ್ಕೆ ನೀರು ಹೆದರುತ್ತದೆಯೆ? ಹನಿ ಬಿತ್ತು. ಅವನು ತಂಬಿಗೆ ಇಟ್ಟ. ತಂಬಿಗೆ ತುಂಬಿತು, ಬಕೆಟ್ ಇಟ್ಟ. ಬಕೆಟ್ ತುಂಬಿತು, ಮದುವೆ ಅಡುಗೆಯ ಕೊಪ್ಪರಿಗೆ ತಂದ. ಹೆಂಡತಿ ಮಕ್ಕಳು ಕೊಡೆ ಬಿಚ್ಚಿಕೊಂಡು ಉಣ್ಣತೊಡಗಿದರು. ಗೋಡೆಯಲ್ಲಿ ಪಾಚಿ ಬೆಳೆಯಿತು. ಪಾಚಿಯಲ್ಲಿ ಒಂದು ಕಪ್ಪೆ ಸಂಸಾರ ಹೂಡಿತು. ಅದರ ಮೊಮ್ಮಗಳ ನಾಮಕರಣಕ್ಕೆ ನನ್ನನ್ನೂ ಕರೆದಿದ್ದರು.

"ಮಾವ!" ಅಂದಳು ಹಾಲಮ್ಮ.

"ಹೋಗಲಿ, ಮೊಮ್ಮಗಳನ್ನು ಬಿಟ್ಟುಬಿಡು. ಕಪ್ಪೆ ಮಾತ್ರ ನಿಜ."

ಅಕ್ಕ ಕೆಳಗೆ ಬಂದರೆ ಎಲ್ಲ ಕಾಣುತ್ತದಲ್ಲ? ಅದಕ್ಕೆ ತಮ್ಮ ಹಾಲು, ತರಕಾರಿ, ಹೂವು ಎಲ್ಲವನ್ನೂ ತಾನೇ ಮೇಲಕ್ಕೆ ಹೊತ್ತು ಕೊಟ್ಟ. ಎಂಥ ತಮ್ಮನಪ್ಪಾ ಎಂದು ಬೀದಿಯೆಲ್ಲ ಹೊಗಳಿತು.

ಸೋರಿಕೆ ದೊಡ್ಡದೇನಲ್ಲ. ಬಚ್ಚಲಿನ ಜಾಲರಿಯ ಸುತ್ತ ಸಿಮೆಂಟು ಬಿಟ್ಟಿತ್ತು, ಅಷ್ಟೆ. ಬಟ್ಟೆಗೆ ಹಾಕುವ ನೀಲಿಯನ್ನು ಒಂದು ಬಕೆಟ್ ನೀರಿಗೆ ಕಲಸಿ ಬಚ್ಚಲಿಗೆ ಹೊಯ್ದಿದ್ದರೆ, ಕೆಳಗೆ ನೀಲಿ ಹನಿ ಬಿದ್ದು ಸೋರುವ ಜಾಗದ ಗುಟ್ಟು ತಾನೇ ರಟ್ಟಾಗುತ್ತಿತ್ತು. ಅಂಗೈಯಷ್ಟು ಸಿಮೆಂಟು ಸಾಕಿತ್ತು. ಎರಡು ದಿನ ಅಕ್ಕ ಕೆಳಗೆ ಬಂದು ಮಿಂದಿದ್ದರೆ ಅದು ಒಣಗುತ್ತಿತ್ತು. ನಾನಾದರೆ ಒಂದು ಕೈಯಲ್ಲಿ ಚಹಾ ಲೋಟ ಹಿಡಿದು ಇನ್ನೊಂದು ಕೈಯಲ್ಲಿ ಮುಗಿಸುತ್ತಿದ್ದೆ. ಆದರೆ ನನ್ನನ್ನು ಯಾರೂ ಕರೆಯಲಿಲ್ಲ. ನೀರು ಛಾವಣಿಯೊಳಗಿನ ಕಬ್ಬಿಣವನ್ನು ತಿನ್ನತೊಡಗಿತು. ಅದೇ ಛಾವಣಿಯ ಮೇಲೆ ಅಕ್ಕ ದಿನವೂ ನಿಂತು ನೀರು ಹೊಯ್ದುಕೊಳ್ಳುತ್ತಿದ್ದಳು.

ಒಮ್ಮೆ ಅವಳು ಮೆಟ್ಟಿಲ ಮೇಲಿನಿಂದ ಕೂಗಿ ಕೇಳಿದಳು: "ಅದೇನೋ ತಮ್ಮಾ, ಟಪ್ ಟಪ್ ಅಂತ ಸದ್ದು?"

"ಗಡಿಯಾರ ಅಕ್ಕಾ. ಹೊಸದು."

"ನಾನು ಮಿಂದಾಗ ಮಾತ್ರ ಓಡುತ್ತಲ್ಲೋ ನಿನ್ನ ಗಡಿಯಾರ!"

"ಅದಕ್ಕೂ ನಿನ್ನ ಮೇಲೆ ಭಕ್ತಿ."

ಅಕ್ಕ ನಕ್ಕು ಒಳಗೆ ಹೋದಳು. ಅಂದು ಒಂದು ಕೊಡ ನೀರು ಹೆಚ್ಚಾಗಿಯೇ ಹೊಯ್ದುಕೊಂಡಳು.

ಹೀಗೆ ಮೂರು ವರ್ಷ ಕಳೆಯಿತು. ನೀರಿಗೆ ಅವಸರವಿಲ್ಲ.

ಒಂದು ಬೆಳಿಗ್ಗೆ ಅಕ್ಕ ತಲೆಗೆ ಎಣ್ಣೆ ಒತ್ತಿಕೊಂಡು ಬಚ್ಚಲಿಗೆ ಕಾಲಿಟ್ಟಳು. ನೆಲ ಕುಸಿಯಿತು. ಕೆಳಗೆ ತಮ್ಮ ದೋಸೆ ಮುರಿಯುತ್ತಿದ್ದ. ತಲೆ ಎತ್ತಿದರೆ, ಛಾವಣಿಯ ತೂತಿನಿಂದ ಅಕ್ಕನ ಕಾಲು ಮೊಳಕಾಲಿನವರೆಗೆ ಇಳಿಬಿದ್ದಿತ್ತು. ಅವನು ಮೇಜು ಹತ್ತಿ ಆ ಪಾದಕ್ಕೆ ತನ್ನ ಹೆಗಲು ಕೊಟ್ಟು ನಿಂತ. ನಾನು ಓಡಿ ಬಂದು, ಸುತ್ತಲಿನ ಗಾರೆ ಬಿಡಿಸಿ, ಅವಳನ್ನು ಮೇಲಕ್ಕೆ ಎತ್ತುವವರೆಗೆ ಅವನು ಅಲುಗಲಿಲ್ಲ. ಮೈಮೇಲೆ ಇಟ್ಟಿಗೆ ಚೂರು ಬೀಳುತ್ತಿದ್ದರೂ ಅಲುಗಲಿಲ್ಲ. ಇದರಲ್ಲಿ ನಾನು ಒಂದು ಮಾತನ್ನೂ ಸೇರಿಸಿಲ್ಲ.

ಮೂಳೆ ಎರಡು ಕಡೆ ಮುರಿದಿತ್ತು. ಆಸ್ಪತ್ರೆಯಲ್ಲಿ ಅಕ್ಕ ಕೇಳಿದಳು: "ಮೂರು ವರ್ಷದಿಂದ ನಿನಗೆ ಗೊತ್ತಿತ್ತಾ? ಒಂದು ಮಾತು ಹೇಳಬಾರದಿತ್ತೇನೋ?"

"ನಿನ್ನ ಮನಸ್ಸಿಗೆ ನೋವಾದೀತು ಅಂತ, ಅಕ್ಕಾ."

ಅಕ್ಕ ಪ್ಲಾಸ್ಟರ್ ಹಾಕಿದ ತನ್ನ ಕಾಲನ್ನು ಒಂದು ಗಳಿಗೆ ನೋಡಿದಳು.

"ಮನಸ್ಸಿಗೆ ಏನೂ ಆಗಿಲ್ಲ ಬಿಡು," ಅಂದಳು.

ತಮ್ಮ ಮಂಚದ ಅಂಚು ಹಿಡಿದು ಅತ್ತ. ಅವಳು ಅವನ ತಲೆ ನೇವರಿಸಿದಳು. ಅವನ ಮೇಲಿನ ಪ್ರೀತಿ ಅವಳಿಗೆ ಒಂದು ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಆದರೆ ಮತ್ತೆಂದೂ ಅವಳು ನೆಟ್ಟಗೆ ನಡೆಯಲಿಲ್ಲ.

ಕತೆ ಮುಗಿಯಿತು.

"ತಮ್ಮನದು ತಪ್ಪೇ ಮಾವ," ಅಂದಳು ಹಾಲಮ್ಮ. "ಆದರೆ ಅವನ ಕಷ್ಟವೂ ನನಗೆ ತಿಳಿಯುತ್ತದೆ. ಎತ್ತಿ ಬೆಳೆಸಿದವರ ಮುಂದೆ, ಕೆಲಸ ಕಲಿಸಿದವರ ಮುಂದೆ, ನಾಲಿಗೆ ಹೇಗೆ ಹೊರಳುತ್ತದೆ?"

ನಾನು ಎದ್ದು ಸಾಮಾನಿನ ಚೀಲವನ್ನು ಹೆಗಲಿಗೆ ಏರಿಸಿದೆ.

"ನಡಿ ತಾಯಿ, ನಾನು ಕೂಡಿಸಿದ ಪೈಪು ಸೋರುತ್ತಿರುವುದು ಯಾರ ಮನೆಯಲ್ಲಿ?"