ಹೋಗೈತ್ರಿ, ಅಜ್ಜಾರ

ಹೊಳೆಯ ದಂಡೆಯಲ್ಲಿ ಒಂದು ಸಣ್ಣ ಮಠ. ಅಲ್ಲೊಬ್ಬ ಮುದುಕ ಗುರು. ಆ ಸೀಮೆಯ ಜನ ಗುರುಗಳನ್ನು ಅಜ್ಜಾರು ಎನ್ನುತ್ತಾರೆ. ಇವರನ್ನೂ ಹಾಗೆಯೇ ಕರೆಯುತ್ತಿದ್ದರು. ಬೇರೆ ಹೆಸರು ಇದ್ದರೂ ಯಾರಿಗೂ ನೆನಪಿರಲಿಲ್ಲ.

ಅವರ ಬಳಿ ಅಡಿವೆಪ್ಪ ಎಂಬ ಶಿಷ್ಯನಿದ್ದ. ಮೀಸೆಯಲ್ಲಿ ನರೆ ಮೂಡಿದ ಗಂಡಸು. ಮಠಕ್ಕೆ ಬರುವ ಮುಂಚೆ ಬಡಗಿ.

ಒಂದು ಮುಂಜಾನೆ ಅವನು ಅಜ್ಜಾರ ಮುಂದೆ ಅಡ್ಡಬಿದ್ದ.

"ಅಜ್ಜಾರ, ನನಗ ಕಾವಿ ಕೊಡ್ರಿ."

"ಯಾಕಪ್ಪ, ಮೈಮ್ಯಾಲಿನ ಅರಿವಿ ಹರದಾವೇನು?"

"ಚಾಷ್ಟಿ ಮಾಡಬ್ಯಾಡ್ರಿ. ನಾ ಬಂದಾಗ ನೀವ ಹೇಳಿದ್ರಿ. ಸಿಟ್ಟು ಹೋದ ದಿನ ಬಂದು ಕೇಳು, ಕೊಡ್ತೀನಿ ಅಂತ."

"ಹೋತೇನು?"

"ಹೋಗೈತ್ರಿ, ಅಜ್ಜಾರ. ಖರೇನ ಹೋಗೈತಿ. ಎದಿಯೊಳಗ ದೀಪಾ ಹಚಗೊಂಡು ಹುಡುಕಿದ್ರೂ ಸಿಗವಲ್ದು."

"ಹೋಗೈತಿ," ಎಂದರು ಅಜ್ಜಾರು. ಆ ಮಾತನ್ನು ಎಲೆಯಡಿಕೆಯ ಹಾಗೆ ಬಾಯಲ್ಲಿ ಒಮ್ಮೆ ಹೊರಳಿಸಿ ನೋಡಿದರು.

"ಚಲೋ ಆತು ಬಿಡು. ಹಂಗಾರ ಇವತ್ತ ದಾಸೋಹದ ಮನಿ ತೊಲಿ ಕೊಯ್ದು ಮುಗಸು. ಆಮ್ಯಾಲ ಕಾವಿ ಮಾತು."

ಅಡಿವೆಪ್ಪನ ಮುಖ ಇಳಿಯಿತು.

ಆ ತೊಲೆ ಅವನಿಗೆ ಗೊತ್ತು. ಹಳೆಯ ವಾಡೆಯೊಂದನ್ನು ಕೆಡವಿದಾಗ ಭಕ್ತರೊಬ್ಬರು ಕೊಟ್ಟ ಸಾಗವಾನಿ ತೊಲೆ. ಮಲಗಿದ ಎಮ್ಮೆಯ ಹಾಗೆ ಅಂಗಳದಲ್ಲಿ ಬಿದ್ದಿತ್ತು. ಮಠದಲ್ಲಿದ್ದ, ಕೈಯಲ್ಲಿ ಹಿಡಿದು ಕೊಯ್ಯುವ ಮಷಿನ್ನಿನ ದುಂಡು ಬ್ಲೇಡು ಅದರ ಅರ್ಧಕ್ಕೂ ಇಳಿಯುತ್ತಿರಲಿಲ್ಲ. ಅಡಿವೆಪ್ಪ ಮೇಲಿನಿಂದ ಕೊಯ್ದಿದ್ದ, ಹೊರಳಿಸಿ ಕೆಳಗಿನಿಂದಲೂ ಕೊಯ್ದಿದ್ದ. ನಡುವಿನ ಗಟ್ಟಿ ಹಾಗೆಯೇ ಉಳಿದಿತ್ತು.

"ಬ್ಲೇಡು ಒಳಗ ಮುಟ್ಟೂದಿಲ್ರಿ, ಅಜ್ಜಾರ."

"ಬ್ಲೇಡು ತಗದು, ಅದ ಮಷಿನ್ನಿಗೆ ಚೈನಿನ ಗರಗಸ ಕೂಡಸ್ತಾರಂತ. ಉದ್ದನ್ನ ಪಟ್ಟಿ, ಅದರ ಸುತ್ತ ಹಲ್ಲಿನ ಚೈನು. ಎಂಥಾ ತೊಲಿನೂ ಒಂದ ಸಲಕ್ಕ ಇಳೀತೈತಂತ. ತರಾಕ ಹೇಳೇನಿ."

"ಯಾರಿಗ್ರಿ?"

"ಪ್ಯಾಟ್ಯಾಗ ಮಷಿನ್ ಕೆಲಸ ಮಾಡವಗ. ನಿನ್ನ ತಮ್ಮ ಫಕೀರಪ್ಪಗ."

ಅಡಿವೆಪ್ಪ ಅಡ್ಡಬಿದ್ದಲ್ಲಿಂದ ಏಳಲಿಲ್ಲ.

ಬಹಳ ಹಿಂದೆ, ಒಂದು ಹೊಸ ಮನೆಯ ಬಾಗಿಲು ಕೂರಿಸುವ ದಿನ, ಫಕೀರಪ್ಪ ಹೊಸ್ತಿಲನ್ನು ಒಂದು ಬೆರಳು ಗಿಡ್ಡ ಕೊಯ್ದಿದ್ದ. ಅಡಿವೆಪ್ಪನ ಕೈಯಲ್ಲಿ ಉಳಿ ಇತ್ತು. ಬೀಸಿ ಒಗೆದ. ಉಳಿ ತಮ್ಮನ ಕಿವಿಯ ತುದಿಯನ್ನು ಹಾರಿಸಿಕೊಂಡು ಹೋಗಿ ಗೋಡೆಗೆ ನಟ್ಟಿತು.

ಅಷ್ಟೇ ಆಗಿದ್ದು. ಇಷ್ಟೇ ಇಷ್ಟು ಈಚೆ ಬಂದಿದ್ದರೆ?

ಆ ದಿನವೇ ಅವನು ಮನೆ ಬಿಟ್ಟ. ಬಾಗಿಲಲ್ಲಿ ತಾಯಿ ನಿಂತಿದ್ದಳು.

"ಹೋಗ್ತೀನವ್ವ," ಎಂದ.

ತಾಯಿ ಬೆಚ್ಚಿ ಎರಡೂ ಕೈ ಮುಂದೆ ಚಾಚಿದಳು. "ಹಂಗ ಅನಬಾರದೋ ನನ್ನಪ್ಪ! ಹೋಗಿ ಬರ್ತೀನಿ ಅನ್ನು!"

ಬರ್ತೀನಿ ಎನ್ನದೆ ಹೊಸ್ತಿಲು ದಾಟುವುದು ಹೆಣ ಮಾತ್ರ. ಅಡಿವೆಪ್ಪನಿಗೂ ಅದು ಗೊತ್ತಿತ್ತು. ಆದರೂ ಅನ್ನಲಿಲ್ಲ. ತಿರುಗಿಯೂ ನೋಡಲಿಲ್ಲ.

ಬಿಸಿಲು ಏರುವ ಹೊತ್ತಿಗೆ ಫಕೀರಪ್ಪ ಹೆಗಲ ಮೇಲೊಂದು ಡಬ್ಬಿ ಹೊತ್ತು ಬಂದ. ಕಿವಿ ಮುಚ್ಚುವಂತೆ ತಲೆಗೆ ಟವೆಲ್ ಸುತ್ತಿದ್ದ.

ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ನೋಡಲಿಲ್ಲ. ಇಬ್ಬರೂ ತೊಲೆಯನ್ನು ನೋಡಿದರು.

"ಆರಾಮಿದ್ದೀ, ಅಣ್ಣಾ?"

"ಹೂಂ. ಅವ್ವ?"

"ಅದಾಳ. ನೀ ನೀರು ಕುಡಿಯೂ ಚರಗಿ ಇನ್ನೂ ದಿನಾ ಬೆಳಗ್ತಾಳ."

"ಯಾಕ?"

"ಯಾಕಂತ ನನ್ನ ಕೇಳ್ತೀ?"

ಅಜ್ಜಾರು ಗೋಡೆಯ ಪಕ್ಕದ ಕಟ್ಟೆಯ ಮೇಲೆ ಕುಳಿತಿದ್ದರು. "ಮಾತು ಆಮ್ಯಾಲ ಆಡ್ರೆಪ್ಪ. ಅಡಿಗಿ ಹೆಣ್ಣಮಗಳು ಬೈಯಾಕತ್ಯಾಳ. ಸೂರು ಇಲ್ಲದ ಮನ್ಯಾಗ ಕಾಗಿಗೂ ನಾನ ನೀಡಬೇಕೇನ್ರಿ ಅಂತಾಳ."

ಇಬ್ಬರಿಗೂ ನಗು ಬಂತು. ನಕ್ಕ ಮೇಲೆ ಕೆಲಸ ಸಲೀಸಾಯಿತು.

ಅಡಿವೆಪ್ಪ ಮೊದಲು ಗೋಡೆಯ ಪ್ಲಗ್ಗು ಕಿತ್ತ. ಬಡಗಿಯ ಕೈ ಅದನ್ನು ಮರೆತಿರಲಿಲ್ಲ. ಪಾನಾ ಹಾಕಿ ಬ್ಲೇಡಿನ ಬೋಲ್ಟು ಬಿಚ್ಚಿದ. ಬ್ಲೇಡು ಹೊರಗೆ ಬಂತು. ಅದರ ಜಾಗದಲ್ಲಿ ತಮ್ಮ ತಂದ ಡಬ್ಬಿಯಿಂದ ಹಲ್ಲಿನ ಸಣ್ಣ ಚಕ್ರ ತೆಗೆದು ಕೂರಿಸಿದ. ಮಷಿನ್ನಿನ ಅಡಿಗೆ ಉದ್ದನೆಯ ಪಟ್ಟಿ ಬಿಗಿದ. ಚೈನು ಸುತ್ತುವುದನ್ನು ತಮ್ಮನಿಗೆ ಬಿಟ್ಟ.

ಫಕೀರಪ್ಪನ ಕೈ ನಡುಗುತ್ತಿತ್ತು. ಪೇಟೆಯಲ್ಲಿ ನಡುಗದ ಕೈ. ಅಣ್ಣ ನೋಡುತ್ತ ನಿಂತರೆ ಅದಕ್ಕೆ ಹಳೆಯ ಚಾಳಿ.

"ಆತಣ್ಣಾ."

ಅಡಿವೆಪ್ಪ ಪ್ಲಗ್ಗು ಚುಚ್ಚಿದ. ಪಟ್ಟಿಯನ್ನು ತೊಲೆಯ ಮೇಲಿಟ್ಟು ಸ್ವಿಚ್ಚು ಒತ್ತಿದ. ಒತ್ತಿದ್ದು ಒತ್ತಿದ ಹಾಗೆಯೇ ನಿಲ್ಲಲಿ ಎಂದು ಪಕ್ಕದ ಗುಂಡಿಯನ್ನೂ ಅದುಮಿದ. ಇನ್ನು ಬೆರಳು ತೆಗೆದರೂ ಮಷಿನ್ನು ತಿರುಗುತ್ತಿತ್ತು. ಎರಡೂ ಕೈಯಿಂದ ಒತ್ತಲು ಅನುಕೂಲ.

ಒತ್ತಿದ. ಚೈನು ತೊಲೆಯನ್ನು ಕೊಯ್ಯಲಿಲ್ಲ. ಇನ್ನೂ ಒತ್ತಿದ. ಕಪ್ಪು ಹೊಗೆ ಎದ್ದಿತು.

"ಏನಪಾ ಇದು, ತೊಲಿಗೆ ಊದಿನಕಡ್ಡಿ ಹಚ್ಚೀರೇನು?" ಎಂದರು ಅಜ್ಜಾರು.

ಆಗಲೇ ಕರೆಂಟು ಹೋಯಿತು.

ಅಂಗಳದ ಕಂಬದ ಮೇಲೆ ಹಗಲೂ ಉರಿಯುತ್ತಿದ್ದ ಬಲ್ಬು ಆರಿತು. ಅಡುಗೆಮನೆಯ ಗ್ರೈಂಡರ್ ಸದ್ದು ಅಡಗಿತು. ಅಡಿವೆಪ್ಪನ ಕೈಯಲ್ಲಿದ್ದ ಮಷಿನ್ನು ಗೊಣಗುತ್ತ ಗೊಣಗುತ್ತ ತಾನೇ ನಿಂತಿತು.

ಹೊಳೆಯ ನೀರಿನ ಸಪ್ಪಳ ಕೇಳಿಸತೊಡಗಿತು.

ಅಡಿವೆಪ್ಪ ಮಷಿನ್ನನ್ನು ಗೋಣಿಚೀಲದ ಮೇಲಿಟ್ಟು ಬಗ್ಗಿ ನೋಡಿದ. ಚೈನು ಹಿಂದುಮುಂದಾಗಿತ್ತು. ಹಲ್ಲುಗಳೆಲ್ಲ ಹಿಂದಕ್ಕೆ ಮುಖ ಮಾಡಿದ್ದವು. ಉಲ್ಟಾ ತಿರುಗಿ ತೊಲೆಯನ್ನು ಬರೀ ಉಜ್ಜಿ ಸುಟ್ಟಿದ್ದವು.

ಫಕೀರಪ್ಪನಿಗೂ ಅದು ಕಂಡಿತು. ಅವನ ಮುಖ ಬಿಳುಚಿತು. ಕೈ ತಾನಾಗಿ ಟವೆಲಿನ ಮೇಲೆ, ಕಿವಿಯ ಹತ್ತಿರ ಹೋಯಿತು.

"ಅಣ್ಣಾ, ತಪ್ಪಾತು..."

ಅಡಿವೆಪ್ಪ ನಕ್ಕ. "ಇರಲಿ ಬಿಡೋ. ಮನಶ್ಯಾನ ಕೈ. ತಿರುವಿ ಹಾಕಿದ್ರಾತು."

ಹಾಗೆಂದು ಓರೆಗಣ್ಣಿನಿಂದ ಅಜ್ಜಾರ ಕಡೆ ನೋಡಿದ. ನೋಡಿದಿರಾ ಎಂಬಂತೆ.

ಅಜ್ಜಾರು ಬೇರೆಯದನ್ನೇ ಕೇಳಿದರು. "ಮಷಿನ್ ಯಾಕ ನಿಂತಿತಪ್ಪ?"

"ಕರೆಂಟ್ ಹೋಗೈತ್ರಿ, ಅಜ್ಜಾರ."

"ಹೋಗೈತಿ?"

"ಹೋಗೈತ್ರಿ. ಇನ್ನ ಸಂಜೀ ತನಕಾ ಬರೂದಿಲ್ಲ. ದಿನಾ ನೋಡ್ತೀನಲ್ರಿ."

"ಹೋಗೈತಿ," ಎಂದರು ಅಜ್ಜಾರು ಮತ್ತೆ. ಕೋಲು ಊರಿ ಎದ್ದರು. "ಕಾಲು ಜೋಮು ಹಿಡದಾವ. ಇಲ್ಲೇ ಎರಡ ಹೆಜ್ಜಿ ಹಾಕ್ತೀನಿ. ನಿಮ್ಮ ಕೆಲಸ ನಡೀಲಿ."

ಅಣ್ಣತಮ್ಮಂದಿರು ಮಷಿನ್ನಿನ ಎರಡು ಕಡೆ ಕುಕ್ಕುರುಗಾಲಲ್ಲಿ ಕುಳಿತರು.

ಫಕೀರಪ್ಪ ಮೆಲ್ಲಗೆ ಕೇಳಿದ, "ಅಣ್ಣಾ, ಪ್ಲಗ್ ಕಿತ್ತು ಬರಲೇನು?"

"ಕರೆಂಟ ಇಲ್ಲದಾಗ ಕಿತ್ತರೆಷ್ಟು, ಬಿಟ್ಟರೆಷ್ಟು? ಪ್ಯಾಟಿ ಸೇರಿ ಭಾಳ ಪುಕ್ಕಲ ಆಗೀ ನೋಡು. ಕೈ ಹಾಕು."

ಫಕೀರಪ್ಪ ಕೈ ಹಾಕಿದ.

ಚೈನು ಬಿಚ್ಚಿದರು. ಹಲ್ಲು ಮುಂದಕ್ಕೆ ಬರುವಂತೆ ತಿರುವಿ ಸುತ್ತಿದರು. ಅಡಿವೆಪ್ಪ ಪಾನಾ ಹಿಡಿದು ಪಟ್ಟಿ ಬಿಗಿದ. ಚೈನು ತೀರ ಬಿಗಿಯಾಗಬಾರದು, ಜೋತೂ ಬೀಳಬಾರದು. ಅದನ್ನು ಕೈಯಿಂದಲೇ ಎಳೆದು ನೋಡಬೇಕು.

"ಎಳದ ನೋಡು."

ಫಕೀರಪ್ಪ ಹಲ್ಲುಗಳ ನಡುವೆ ಬೆರಳು ತೂರಿಸಿ ಎಳೆದ. ಚೈನು ಸರ್ರನೆ ಒಂದು ಗೇಣು ಸರಿಯಿತು.

"ಇನ್ನೊಂದ ಚೂರು ಬಿಗೀಲೇನು?"

"ಸಾಕಣ್ಣಾ. ಮತ್ತ ಎಳೀತೀನಿ, ನೋಡು..."

ಬಲ್ಬು ಹೊತ್ತಿತು.

ಅಡುಗೆಮನೆಯಲ್ಲಿ ಗ್ರೈಂಡರ್ ಗುರ್ರ್ ಎಂದಿತು. ಹೊಳೆಯ ಕಡೆ ಪಂಪು ಕೆಮ್ಮಿ ಸುರುವಾಯಿತು.

ಅಡಿವೆಪ್ಪನ ಕಣ್ಣ ಮುಂದೆ ತಮ್ಮನ ನಾಲ್ಕು ಬೆರಳು, ಬೆರಳ ಸುತ್ತ ಉಕ್ಕಿನ ಹಲ್ಲು. ಮಷಿನ್ನಿನ ಗುಂಡಿ ಅದುಮಿದ ಹಾಗೆಯೇ ಇತ್ತು. ತಾನೇ ಅದುಮಿದ್ದು. ಬಿಡಿಸಿರಲಿಲ್ಲ. ನಿಲ್ಲಿಸಿಯೇ ಇರಲಿಲ್ಲ.

ಮಷಿನ್ನು ತಿರುಗಲಿಲ್ಲ.

ಫಕೀರಪ್ಪ ಕೈ ಕಿತ್ತುಕೊಂಡು ಹಿಂದಕ್ಕೆ ಹಾರಿದ. ಬೆನ್ನು ಕಂಬಕ್ಕೆ ಬಡಿಯಿತು. ತನ್ನ ಬೆರಳುಗಳನ್ನು ಮಗುವಿನ ಬೆರಳು ಎಣಿಸುವ ಹಾಗೆ ಒಂದೊಂದಾಗಿ ಮುಟ್ಟಿಕೊಂಡ.

ಅಡಿವೆಪ್ಪ ತಡವರಿಸುತ್ತ ಎದ್ದ. ವಾಯರು ಹೋದ ದಾರಿಯಲ್ಲಿ ಅವನ ಕಣ್ಣು ಹೋಯಿತು. ಗೋಡೆಯ ತನಕ ಹೋಯಿತು. ಅಲ್ಲಿ ಅಜ್ಜಾರು ಕಟ್ಟೆಯ ಮೇಲೆ ಕುಳಿತಿದ್ದರು. ಪ್ಲಗ್ಗು ಅವರ ಮಡಿಲಲ್ಲಿತ್ತು.

ಬದುಕಿದೆವು ಎನ್ನುವುದು ಅವನ ಬಾಯಿಗೆ ಬರಬೇಕಿತ್ತು. ಬಂದದ್ದೇ ಬೇರೆ.

"ಲೇ ಹುಚ್ಚ ಸೂಳೀಮಗನ!"

ಅಂಗಳದ ಕಾಗೆಗಳು ಹಾರಿದವು.

"ಕಣ್ಣು ಇಲ್ಲೇನಲೇ ನಿನಗ? ಪ್ಲಗ್ ಕೀಳಬೇಕಂತ ತಿಳಿಯೂದಿಲ್ಲ? ಕೈ ಹೋಗಿದ್ರ ಅವ್ವಗ ಏನ್ ಹೇಳತಿದ್ದೆ ನಾ? ಆವತ್ತೂ ಹಂಗ, ಇವತ್ತೂ ಹಂಗ! ಹುಟ್ಟಾ ದಂಡಪಿಂಡ!"

ಅವನ ಬಲಗೈ ಮೇಲೆದ್ದಿತ್ತು. ಕೈಯಲ್ಲಿ ಪಾನಾ ಇತ್ತು.

"ಅಣ್ಣಾ, ನಾ ಕೇಳಿದ್ನಲ್ಲೋ..." ಎಂದ ಫಕೀರಪ್ಪ. ಟವೆಲು ಜಾರಿ ಹೆಗಲ ಮೇಲೆ ಬಿದ್ದಿತ್ತು. ಕಿವಿಯ ಮೇಲೆ ಕೈ ಇಟ್ಟುಕೊಂಡು ಕಣ್ಣು ಮುಚ್ಚಿದ.

ಅಜ್ಜಾರು ಪ್ಲಗ್ಗನ್ನು ಗೋಡೆಗೆ ಚುಚ್ಚಿದರು.

ಗೋಣಿಚೀಲದ ಮೇಲೆ ಬಿದ್ದಿದ್ದ ಮಷಿನ್ನು, ಯಾರೂ ಮುಟ್ಟದೆ, ಯಾರೂ ಒತ್ತದೆ, ಚೀರಿ ಎದ್ದಿತು. ಚೈನು ಕಣ್ಣಿಗೆ ಕಾಣದ ಹಾಗೆ ತಿರುಗಿತು. ಮಷಿನ್ನು ನೆಲದ ಮೇಲೆ ಕುಣಿಯಿತು, ಹೊರಳಿತು, ತಾನು ಮಲಗಿದ್ದ ಚೀಲವನ್ನೇ ಕಚ್ಚಿ ಚಿಂದಿ ಚಿಂದಿ ಮಾಡಿ ತೂರಿತು.

ಅಜ್ಜಾರು ಪ್ಲಗ್ಗು ಕಿತ್ತರು.

ಹರಿದ ನಾರು ಗಾಳಿಯಲ್ಲಿ ತೇಲಿ ನಿಧಾನವಾಗಿ ಕೆಳಗಿಳಿಯಿತು. ಒಂದೆರಡು ಎಳೆ ಅಡಿವೆಪ್ಪನ ಎತ್ತಿದ ತೋಳಿನ ಮೇಲೆ ಕೂತವು.

ಅವನು ತನ್ನ ಕೈಯನ್ನು ನೋಡಿದ. ಬೇರೆಯವರ ಕೈ ನೋಡಿದ ಹಾಗೆ ನೋಡಿದ. ಅದನ್ನು ಯಾವಾಗ ಎತ್ತಿದ್ದು ಎಂದು ಅವನಿಗೆ ನೆನಪೇ ಇರಲಿಲ್ಲ.

ಪಾನಾ ಕೆಳಗೆ ಬಿತ್ತು. ಅದರ ಹಿಂದೆ ಅವನೂ ಕುಸಿದು ಕುಳಿತ.

ಫಕೀರಪ್ಪ ಬಂದು ಅಣ್ಣನ ಪಕ್ಕ, ಒಂದು ಮಾರು ದೂರ ಬಿಟ್ಟು ಕುಳಿತ. ಆಮೇಲೆ ಒಂದು ಗೇಣು ಹತ್ತಿರ ಸರಿದ.

"ಅಜ್ಜಾರ," ಎಂದ ಅಡಿವೆಪ್ಪ. "ಹೋಗಿತ್ರಿ ಅದು. ನಿಮ್ಮ ಪಾದದಾಣಿ. ನಾ ಸುಳ್ಳ ಹೇಳಿಲ್ರಿ. ಖರೇನ ಹೋಗಿತ್ತು."

ಅಜ್ಜಾರು ಕೋಲೂರಿ ಬಂದರು. ಅವನ ಅಂಗೈ ಬಿಡಿಸಿ, ಪ್ಲಗ್ಗನ್ನು ಅದರ ಮೇಲಿಟ್ಟು, ಬೆರಳು ಮಡಿಸಿದರು.

"ಹೋಗಿತ್ತಪ್ಪ, ನಾ ಯಾವಾಗ ಇಲ್ಲ ಅಂದೆ? ಆದರ ಹೊಸ್ತಲಾ ದಾಟೂವಾಗ ಅದು ನಿನಗ ಏನಂತ ಹೇಳಿತ್ತು? ಹೋಗ್ತೀನಿ ಅಂತೋ, ಹೋಗಿ ಬರ್ತೀನಿ ಅಂತೋ?"