ಕಳೆಗೆ ಕಷಾಯ

ಹೊಳೆ ದಂಡೆಯಲ್ಲೊಂದು ಮಠ. ಮಠಕ್ಕೊಂದು ರಾಗಿ ಹೊಲ. ಹೊಲದ ತುಂಬ ಕಳೆ.

ಶಿಷ್ಯ ಶಿವನಂಜ ಬಗ್ಗಿ ಬಗ್ಗಿ ಕೀಳುತ್ತಿದ್ದ. ಹೊಲದ ಕೊನೆ ಮುಟ್ಟುವಷ್ಟರಲ್ಲಿ ಮೊದಲ ಸಾಲಲ್ಲಿ ಮತ್ತೆ ಹಸಿರು.

"ಬುದ್ಧೀ, ನಾನು ಮನೆ ಬಿಟ್ಟು ಬಂದದ್ದು ಜ್ಞಾನಕ್ಕೆ. ಹುಲ್ಲು ಕೀಳಾಕಲ್ಲ."

ಪಕ್ಕದ ಸಾಲಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ಗುರು ತಲೆ ಎತ್ತಲಿಲ್ಲ.

"ಕಳೆ ಮುಗೀಲಿ. ಆಮೇಲೆ ಕೂತು ಮಾತಾಡಾನ."

"ಇದು ಮುಗಿಯೋ ಜಾತೀನಾ?"

"ನನ್ನ ಯಾಕೆ ಕೇಳ್ತೀಯ? ಅದನ್ನೇ ಕೇಳು."

ಶಿವನಂಜನಿಗೆ ರೋಸಿಹೋಯಿತು. ಅಂಗಡಿ ಔಷಧಿ ಹೊಡೆಯೋಣವೆಂದರೆ ಗುರು ಬಿಡುವುದಿಲ್ಲ. ಮಣ್ಣು ಕೆಡುತ್ತದೆ ಅನ್ನುತ್ತಾರೆ.

ಅವನು ಒಂದು ಸಂಗತಿ ಗಮನಿಸಿದ್ದ. ದಂಡೆಯ ಮೇಲಿನ ಕಾಂಗ್ರೆಸ್ ಗಿಡದ ಬುಡದಲ್ಲಿ ಬೇರೆ ಹುಲ್ಲು ಏಳುವುದಿಲ್ಲ. ಹೊರೆ ಹೊರೆ ಕೊಯ್ದು ತಂದ. ಜಜ್ಜಿದ. ಹಂಡೆಯಲ್ಲಿ ಕುದಿಸಿ, ಸೋಸಿ, ರಾಗಿಗೆ ತಾಗದಂತೆ ಸಾಲಿನ ನಡುವೆ ಚಿಮುಕಿಸಿದ.

ಹುಲ್ಲು ಬಾಡಿತು.

"ನೋಡಿದ್ರಾ ಬುದ್ಧೀ?"

"ನೋಡ್ದೆ. ಮೈಯೆಲ್ಲ ಯಾಕಪ್ಪ ಕೆರ್ಕೋತಿದ್ದೀಯ?"

"ಗಿಡದ ನಂಜು. ಅದು ಬಿಡಿ. ಇನ್ನು ಕೂತು ಮಾತಾಡಾನ."

ಆವತ್ತೇ ಮಳೆ ಬಂತು. ವಾರ ಕಳೆಯುವುದರೊಳಗೆ ಕಳೆಯೂ ಬಂತು.

ಮತ್ತೆ ಕುದಿಸಿದ. ಮತ್ತೆ ಬಂತು. ಕುದಿಸಿ ಕುದಿಸಿ ದಂಡೆಯ ಮೇಲೆ ಕಾಂಗ್ರೆಸ್ ಗಿಡವೇ ತೀರಿಹೋಯಿತು. ಊರೂರು ಹಾಳು ಮಾಡಿದ ಗಿಡ, ತನಗೆ ಬೇಕಾದಾಗ ಇಲ್ಲ ಎಂದು ಶಿವನಂಜ ಹಲ್ಲು ಕಡಿದ.

ಕೊನೆಗೆ ಹೊಲದ ಒಂದು ಮೂಲೆಯ ರಾಗಿಯನ್ನು ಅಗೆದುಹಾಕಿ, ಅಲ್ಲಿ ಕಾಂಗ್ರೆಸ್ ಬೀಜ ಚೆಲ್ಲಿದ.

"ಏನು ಬಿತ್ತಿದೆ?" ಗುರು ಕೇಳಿದರು.

ಹೇಳಿದ.

ಗುರು ಹಣೆ ಹಣೆ ಚಚ್ಚಿಕೊಂಡರು. ತಮ್ಮ ಸಾಲಿಗೆ ಹೋಗಿ ಕೂತರು.

ಶಿವನಂಜ ಹೊಳೆಯಿಂದ ನೀರು ಹೊತ್ತ. ಗೊಬ್ಬರ ಹಾಕಿದ. ಗಿಡ ಸೊಂಪಾಗಿ ಎದ್ದಿತು.

ಒಂದು ಬೆಳಿಗ್ಗೆ ಆ ಮೂಲೆಯಲ್ಲಿ ಕೂತು ಏನನ್ನೋ ಕಿತ್ತು ಕಿತ್ತು ಬದುವಿನ ಮೇಲೆ ಎಸೆಯುತ್ತಿದ್ದ. ಗುರು ಸೊಂಟ ಹಿಡಿದುಕೊಂಡು ಬಂದರು.

"ಏನ್ಲಾ ಮಾಡ್ತಿದ್ದೀಯ?"

"ಕಾಣಾಕಿಲ್ವಾ ಬುದ್ಧೀ? ಕಳೆ ಕೀಳ್ತಿದ್ದೀನಿ."

ಗುರು ಬದುವಿನಿಂದ ಒಂದು ಪೈರು ಎತ್ತಿ ಬೇರಿನ ಮಣ್ಣು ಉದುರಿಸಿದರು.

"ಇದು ರಾಗಿ ಕಣಪ್ಪ."

"ಹೂಂ, ರಾಗಿ. ಗಿಡಕ್ಕೆ ಹಾಕಿದ ಗೊಬ್ಬರನೆಲ್ಲ ಇದೇ ತಿಂತದೆ. ಕಿತ್ತಷ್ಟೂ ಬತ್ತದೆ, ಹಾಳಾದ್ದು."

ಗುರು ಬಿದ್ದ ಪೈರನ್ನೆಲ್ಲ ಒಂದೊಂದಾಗಿ ಆಯ್ದು ಮಡಿಲಿಗೆ ಹಾಕಿಕೊಂಡರು. ನೆಡಲು ಹೊರಟವರು ತಿರುಗಿ ನಿಂತರು.

"ಹಂಗಾದ್ರೆ ಈ ಕಳೆಗೆ ಯಾವ ಕಷಾಯ ಕಾಯಿಸ್ತೀಯಪ್ಪ?"