ಹಿಂದುಗಡೆ ಹಾಡಿದವಳು

"ಅಮ್ಮ, ಎರಡರಲ್ಲಿ ಯಾವುದಕ್ಕೆ ಖರ್ಚು ಕಡಿಮೆ?" ಎಂದು ಪ್ರಭುಸ್ವಾಮಿ ತನ್ನ ಗುರುವನ್ನು ಕೇಳಿದ.

ಅವನು ಕೊಳ್ಳೇಗಾಲದ ಚಿಕ್ಕತಾಯಮ್ಮನವರ ಬಳಿ ಧ್ವನಿಮುದ್ರಣದ ಕೆಲಸ ಕಲಿತವನು. ಈಗ ತನ್ನ ಊರಿಗೆ ಹೋಗಿ ಸ್ವಂತ ಸ್ಟುಡಿಯೊ ಮಾಡುವವನಿದ್ದ. ಅದಕ್ಕೆ ಪ್ಲಗಿನ್‌ಗಳೆಂಬ ಸಣ್ಣ ತಂತ್ರಾಂಶಗಳು ಬೇಕಿದ್ದವು. ಬಡಕಲು ದನಿಯನ್ನು ತುಂಬಿಸುವುದು, ಸಣ್ಣ ಕೋಣೆಯಲ್ಲಿ ಹಾಡಿದ್ದನ್ನು ದೊಡ್ಡ ಗುಡಿಯಲ್ಲಿ ಹಾಡಿದಂತೆ ಕೇಳಿಸುವುದು ಪ್ಲಗಿನ್‌ಗಳ ಕೆಲಸ. ಅವುಗಳಲ್ಲಿ ಎರಡು ಜಾತಿ. ಒಂದು ಜಾತಿಯವು ಕಂಪನಿಯ ಪೆಟ್ಟಿಗೆಯನ್ನು ಜೋಡಿಸಿದರೆ ಮಾತ್ರ ನಡೆಯುತ್ತವೆ. ದುಡಿಯುವುದೆಲ್ಲ ಆ ಪೆಟ್ಟಿಗೆಯೇ. ಇನ್ನೊಂದು ಜಾತಿಯವಕ್ಕೆ ಪೆಟ್ಟಿಗೆ ಬೇಡ, ಕಂಪ್ಯೂಟರೇ ದುಡಿಯುತ್ತದೆ.

ಪ್ರಭುಸ್ವಾಮಿ ಲೆಕ್ಕ ಹಾಕಿಯೇ ಬಂದಿದ್ದ. ಪೆಟ್ಟಿಗೆಯ ಬೆಲೆಗೆ ಒಂದು ಒಳ್ಳೆಯ ಕಂಪ್ಯೂಟರೇ ಬರುತ್ತದೆ. ಪೆಟ್ಟಿಗೆಯ ಶಕ್ತಿ ಸಾಲದಾದರೆ ಇನ್ನೊಂದು ಪೆಟ್ಟಿಗೆ ಕೊಳ್ಳಬೇಕು. ಅದು ಕೆಟ್ಟ ದಿನ ಕೊಂಡ ಪ್ಲಗಿನ್‌ಗಳೆಲ್ಲ ಮೂಕವಾಗುತ್ತವೆ. ಕಂಪ್ಯೂಟರು ಬೇಗ ಹಳತಾಗುತ್ತದೆ ನಿಜ, ಆದರೆ ಅದು ಹೇಗಿದ್ದರೂ ಬೇಕೇ ಬೇಕು. ಹೇಗೆ ಕೂಡಿಸಿ ಕಳೆದರೂ ಕಂಪ್ಯೂಟರಿನೊಳಗೆ ನಡೆಯುವವೇ ಅಗ್ಗವೆಂದು ಅವನಿಗೆ ಕಂಡಿತ್ತು. ಗುರುವಿನ ಬಾಯಲ್ಲಿ ಹೌದು ಎನಿಸಿಕೊಂಡರೆ ಸಾಕಿತ್ತು.

"ಲೆಕ್ಕ ಸರಿಯಾಗಿಯೇ ಇದೆ" ಎಂದರು ಚಿಕ್ಕತಾಯಮ್ಮ. ಆಮೇಲೆ ಈ ಕತೆ ಹೇಳಿದರು.

ಒಬ್ಬ ಹೆಂಗಸು ಧ್ವನಿಮುದ್ರಣ ಕಲಿಯಲು ಹೊರಟಳು. ಇವಳಿಂದ ಆಗದು ಎಂದು ಎಲ್ಲರಿಗಿಂತ ಮೊದಲು ಹೇಳಿದವನು ಹಾಡುಗಳನ್ನು ಮುದ್ರಿಸಿ ಮಾರುವ ಒಬ್ಬ ವರ್ತಕ. "ಇದು ಒಗ್ಗರಣೆಯಲ್ಲ ಕಣಮ್ಮ, ಚಟಪಟ ಅಂದ ಕೂಡಲೇ ತಟ್ಟೆ ಮುಚ್ಚೋದಕ್ಕೆ" ಎಂದು ನಾಲ್ಕು ಜನರ ಮುಂದೆ ನಕ್ಕ.

ಅವಳು ಶಾಲೆಯಲ್ಲಿ ಓದಿದ್ದು ಸ್ವಲ್ಪ. ಇಂಗ್ಲಿಷಿನ ಕೈಪಿಡಿಗಳನ್ನು ತರಿಸಿ, ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಓದಿದಳು. ನಿಘಂಟಿನಲ್ಲೂ ಸಿಗದ ಮಾತನ್ನು ಯಂತ್ರದ ಗುಂಡಿ ತಿರುಗಿಸಿ, ಕಿವಿಯಿಂದ ತಿಳಿದುಕೊಂಡಳು. ಒಂದು ಬಳೆ ಅಂಗಡಿಯ ಹಿಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದು, ಸದ್ದು ಮಾರ್ದನಿಸದಂತೆ ಗೋಡೆಗಳಿಗೆ ಹಳೆಯ ಕೌದಿಗಳನ್ನು ಹೊಡೆದು, ಬಾಗಿಲಿಗೆ ತನ್ನ ಹೆಸರಿನ ಹಲಗೆ ಹಾಕಿದಳು. ನಿನ್ನ ಲೆಕ್ಕವನ್ನೇ ಅವಳೂ ಹಾಕಿದ್ದಳು. ಕಂಪ್ಯೂಟರಿನೊಳಗೆ ನಡೆಯುವ ಪ್ಲಗಿನ್‌ಗಳನ್ನೇ ಕೊಂಡಳು. ಬೇರೆಯವರು ಮುದ್ರಿಸಿ ತಂದ ಹಾಡುಗಳನ್ನು ಅವುಗಳಿಂದಲೇ ತಿದ್ದಿ ಹದಗೊಳಿಸಿ ಕೊಟ್ಟಳು. ಯಾರೂ ಒಂದು ಮಾತು ಆಡುವಂತಿರಲಿಲ್ಲ.

ಹೀಗಿರುವಾಗ ಆ ವರ್ತಕನಿಗೆ ಸೋಬಾನೆ ಹಾಡುಗಳು ಬೇಕಾದವು. ಮದುವೆಯ ಕಾಲ ಹತ್ತಿರ ಬಂದಿತ್ತು. ಆ ಸೀಮೆಯಲ್ಲಿ ಹುಡುಗಿಯನ್ನು ಹಸೆಗೆ ಕರೆಯುವ ಹಾಡನ್ನು ಮೊದಲಿಂದ ಕೊನೆಯವರೆಗೆ ಬಲ್ಲವಳು ಒಬ್ಬಳೇ ಅಜ್ಜಿ. ಅವಳು ಪಟ್ಟಣದ ಸ್ಟುಡಿಯೊಗೆ ಬರುವುದಿಲ್ಲ ಎಂದುಬಿಟ್ಟಳು. ಬಳೆ ಅಂಗಡಿ ಅವಳಿಗೆ ಗೊತ್ತಿದ್ದ ಜಾಗ. ಅಲ್ಲಿಗಾದರೆ ಸರಿ ಎಂದಳು. ವರ್ತಕನಿಗೆ ಬೇರೆ ದಾರಿ ಇರಲಿಲ್ಲ. ಈ ಹಾಡು ಚೆನ್ನಾಗಿ ಬಂದರೆ ಮುಂದಿನ ಕೆಲಸವನ್ನೆಲ್ಲ ನಿನಗೇ ಕೊಡುತ್ತೇನೆ, ಕೆಟ್ಟರೆ ಬಾಗಿಲಿನ ಹಲಗೆ ಇಳಿಸಿಬಿಡು ಎಂದು ಆ ಹೆಂಗಸಿಗೆ ಹೇಳಿದ.

ಸೋಬಾನೆಯನ್ನು ಒಬ್ಬರೇ ಹಾಡುವುದಿಲ್ಲ. ಒಬ್ಬಳು ಸಾಲು ಹೇಳುತ್ತಾಳೆ, ಹಿಂದಿನವರು ಅದನ್ನೇ ಎತ್ತಿಕೊಳ್ಳುತ್ತಾರೆ. ಅವರು ಮುಗಿಸಿದ ಮೇಲೆ ಮುಂದಿನ ಸಾಲು. ಅಜ್ಜಿಯ ಹಿಂದೆ ಹಾಡುವವರು ಅಂದು ನೆಂಟರ ಮದುವೆಗೆ ಹೋಗಿದ್ದರು. ಹಿಮ್ಮೇಳವನ್ನು ಕಂಪ್ಯೂಟರಿನಲ್ಲಿ ಸೇರಿಸಿಕೊಳ್ಳುತ್ತೇವೆ, ನೀನು ಹಾಡು ಎಂದ ವರ್ತಕ. ಅಜ್ಜಿ ಆಗಲಿ ಎಂದು ತಲೆಯಾಡಿಸಿದಳು.

ಅಜ್ಜಿಗೆ ತನ್ನ ದನಿ ತುಂಬಿಕೊಂಡು ಕೇಳಲಿ ಎಂದು ಆ ಹೆಂಗಸು ತನ್ನಲ್ಲಿದ್ದ ಒಳ್ಳೆಯ ಪ್ಲಗಿನ್‌ಗಳನ್ನೆಲ್ಲ ಹಾಕಿ ಹೆಡ್‌ಫೋನ್ ಕೊಟ್ಟಳು. ಅಜ್ಜಿ ಹಾಡತೊಡಗಿದಳು. ದನಿ ಬೆಳಗಿನ ದನಿ, ಎಲ್ಲೂ ಗೀರಿಲ್ಲ. ಆದರೆ ಹಾಡು ನಡೆಯಲಿಲ್ಲ. ಪ್ರತಿ ಸಾಲಿನ ಕೊನೆಯಲ್ಲಿ ಅಜ್ಜಿ ನಿಂತಳು. ಸಾಲಿನ ನಡುವೆಯೂ ಎಳೆದಳು. ಹೋಗುತ್ತ ಹೋಗುತ್ತ ಹಾಡು ಭಾರ ಹೊತ್ತ ಗಾಡಿಯಂತಾಯಿತು. ಮದುವೆಯ ಹಾಡನ್ನು ನಡುವೆ ನಿಲ್ಲಿಸಬಾರದೆಂಬುದು ಅಜ್ಜಿಯ ಕಟ್ಟುನಿಟ್ಟು. ಹಾಗಾಗಿ ಯಾರೂ ತಡೆಯುವಂತಿರಲಿಲ್ಲ. "ಈ ಹುಡುಗಿ ಹಸೆಗೆ ಬರೋ ಹೊತ್ತಿಗೆ ಮೊಮ್ಮಕ್ಕಳಾಗಿರ್ತವೆ" ಎಂದು ವರ್ತಕ ಗೊಣಗಿದ. ಅಜ್ಜಿಗೆ ವಯಸ್ಸಾಯಿತು ಎಂದು ಅವನು ತಿಳಿದ. ಆ ಹೆಂಗಸೂ ಹಾಗೆಯೇ ತಿಳಿದಳು.

ಹಾಡು ಮುಗಿಯಿತು. ಅಜ್ಜಿ ಹೆಡ್‌ಫೋನ್ ತೆಗೆದು, ನೀರು ಕುಡಿದು ಕೇಳಿದಳು:

"ಹಿಂದ್ಗಡೆ ಹಾಡ್ತಾಳಲ್ಲ, ಯಾರವ್ವ ಅವ್ಳು?"

"ಹಿಂದೆ ಯಾರೂ ಇಲ್ಲವಲ್ಲ ಅಜ್ಜಿ."

"ಇಲ್ದೆ ಏನು? ಕಂಪೂಟರ್‌ನಾಗೆ ಸೇರಿಸ್ತೀವಿ ಅಂತ ಆವಯ್ಯನೇ ಹೇಳ್ನಿಲ್ವಾ? ಒಳ್ಳೆ ಕಂಠ ಕಣವ್ವ, ನಂದಕ್ಕಿಂತ ದುಂಡಗದೆ. ಪಾಪ, ವಸಿ ನಿಧಾನ. ನಾ ಒಂದು ಮಾತು ಅಂದ್ರೆ ಅವ್ಳು ಆಮೇಲೆ ಅಂತಾಳೆ. ಹಂಗಂತ ಬುಟ್ಟು ಹೋಗಕ್ಕಾಯ್ತದಾ?"

ಆ ಹೆಂಗಸಿಗೆ ಆಗ ಅರ್ಥವಾಯಿತು. ಅಷ್ಟು ಪ್ಲಗಿನ್‌ಗಳ ಕೆಲಸ ಮುಗಿಸಿ ದನಿಯನ್ನು ಕಿವಿಗೆ ಕೊಡುವಷ್ಟರಲ್ಲಿ ಕಂಪ್ಯೂಟರು ಚೂರು ತಡಮಾಡುತ್ತಿತ್ತು. ಕಣ್ಣು ಮಿಟುಕಿಸುವಷ್ಟೂ ಇಲ್ಲದ ತಡ. ಅಜ್ಜಿಗೆ ತನ್ನ ದನಿಯೇ ಹಿಂದಿನಿಂದ ಬಂದಂತೆ ಕೇಳಿತ್ತು. ಜೊತೆಯವಳು ಹಿಂದುಳಿದಳೆಂದು ಅವಳು ಹಾಡಿನುದ್ದಕ್ಕೂ ನಿಂತು ನಿಂತು ಕರೆದುಕೊಂಡು ಬಂದಿದ್ದಳು. ಕಾಣದವಳಿಗಾಗಿ ತನ್ನ ಹಾಡನ್ನೇ ಬಿಟ್ಟುಕೊಟ್ಟಿದ್ದಳು. ಎಷ್ಟು ಪಳಗಿದ ಹಾಡುಗಾರರಲ್ಲೂ ಅಂಥ ಮರ್ಯಾದೆಯನ್ನು ಆ ಹೆಂಗಸು ಕಂಡಿರಲಿಲ್ಲ.

ಅವಳು ಇದ್ದದ್ದನ್ನು ಇದ್ದಂತೆ ಹೇಳಿದಳು. ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. "ಹಂಗಾರೆ ನನ್ನ ನಾನೇ ಕಾಯ್ಕಂಡಿದ್ನಾ?"

ವರ್ತಕ ನಗಲಿಲ್ಲ. ಕಾರು ಇದೆ, ಪಟ್ಟಣದಲ್ಲಿ ಪೆಟ್ಟಿಗೆ ಇರುವ ಸ್ಟುಡಿಯೊ ಇದೆ, ಪೆಟ್ಟಿಗೆ ಹೀಗೆ ತಡಮಾಡುವುದಿಲ್ಲ, ಏಳು ಅಜ್ಜಿ ಎಂದ. ಅಜ್ಜಿ ಏಳಲಿಲ್ಲ. ಇಲ್ಲೇ ಇನ್ನೊಂದು ಸಲ ಹಾಡುತ್ತೇನೆ, ಆದರೆ ಹಿಂದೆ ಒಬ್ಬರು ಬೇಕೇ ಬೇಕು ಎಂದಳು. ಬರಿದಾದ ಹಿಂಬದಿಗೆ ಅವಳು ಹಾಡಲಾರಳು.

ಆ ಹೆಂಗಸು ಪ್ಲಗಿನ್‌ಗಳನ್ನೆಲ್ಲ ಹೊರಗೆ ತೆಗೆದಳು. ಬರಿಯ ದನಿ ಬರಿದಾಗಿಯೇ, ತಡವಿಲ್ಲದೆ ಕಿವಿಗೆ ಹೋಗುವಂತೆ ಮಾಡಿದಳು. ಇನ್ನೊಂದು ಮೈಕನ್ನು ತಂದು ಅಜ್ಜಿಯ ಹಿಂದೆ ನೆಲದ ಮೇಲೆ ಕುಳಿತಳು. ಅಡುಗೆಮನೆಯ ಹೊರಗೆ ಅವಳು ಎಂದೂ ಹಾಡಿದವಳಲ್ಲ. ಅಜ್ಜಿ ಹೇಳಿದ ಸಾಲನ್ನು ಎತ್ತಿಕೊಂಡಳು. ಹಾಡು ನಡೆಯಿತು. ಹಾಡಿನೊಳಗಿನ ಹುಡುಗಿ ಕಾಲ್ಗೆಜ್ಜೆಯ ಸದ್ದು ಮಾಡುತ್ತ ಹಸೆಗೆ ಬಂದಳು. ವರ್ತಕನ ಬೆರಳು ಅವನಿಗೆ ತಿಳಿಯದೆಯೇ ಮೊಣಕಾಲಿನ ಮೇಲೆ ತಾಳ ಹಾಕುತ್ತಿತ್ತು.

ಆದರೆ ಬೆಳಗಿನ ದನಿ ಮೊದಲ ಸಲಕ್ಕೇ ಖರ್ಚಾಗಿತ್ತು. ಏರು ಸಾಲುಗಳಲ್ಲಿ ಅಜ್ಜಿಯ ಕಂಠ ಒಡೆಯಿತು. ಅದನ್ನು ತುಂಬಿಸುವ ಪ್ಲಗಿನ್ ಯಾವ ಜಾತಿಯಲ್ಲೂ ಇರಲಿಲ್ಲ.

ಆ ವರ್ಷ ಆ ಸೀಮೆಯ ಚಪ್ಪರಗಳಲ್ಲೆಲ್ಲ ಅದೇ ಹಾಡು ಕೇಳಿತು. ಕಂಠ ಒಡೆಯುವ ಜಾಗದಲ್ಲಿ ಹೆಣ್ಣು ಹೆತ್ತವರು ಕಣ್ಣೊರೆಸಿಕೊಂಡರು. ಬೇಕೆಂದೇ ಹಾಗೆ ಹಾಡಿದ್ದಾಳೆ ಎಂದುಕೊಂಡರು. ವರ್ತಕ ಮುಂದಿನ ಕೆಲಸವನ್ನೆಲ್ಲ ಆ ಹೆಂಗಸಿಗೇ ತಂದ. ಒಗ್ಗರಣೆಯ ಮಾತನ್ನು ಮತ್ತೆ ಎತ್ತಲಿಲ್ಲ. ಹಲಗೆ ಬಾಗಿಲಲ್ಲೇ ಉಳಿಯಿತು.

ಚಿಕ್ಕತಾಯಮ್ಮ ಇಷ್ಟಕ್ಕೆ ನಿಲ್ಲಿಸಿದರು. ಬರಿಯ ದನಿ ಕೇಳಿಸಿದರೆ ಪುಕ್ಕಟೆಯಾಗಿ ಕೆಲಸ ಆಗುತ್ತದಲ್ಲ, ಹಾಗಾದರೆ ಆ ಹೆಂಗಸು ಪೆಟ್ಟಿಗೆ ಕೊಳ್ಳಲೇ ಇಲ್ಲವೇ ಎಂದು ಪ್ರಭುಸ್ವಾಮಿ ಕೇಳಿದ.

ಕೊಂಡಳು ಎಂದರು ಗುರು. ಬರಿಯ ದನಿ ಕೇಳಿಕೊಂಡು ಹಾಡುವುದು ಗೋಡೆಗೆ ಮುಖ ಮಾಡಿ ಹಾಡಿದ ಹಾಗೆ. ಎಲ್ಲರಿಗೂ ಆ ಅಜ್ಜಿಯ ಎದೆ ಇರುವುದಿಲ್ಲ. ಪ್ರತಿಯೊಬ್ಬರ ಹಿಂದೆಯೂ ನೆಲದ ಮೇಲೆ ಕೂರುವುದಕ್ಕೂ ಆಗುವುದಿಲ್ಲ.

"ಹಾಗಾದರೆ ಖರ್ಚು ಯಾವುದಕ್ಕೆ ಕಡಿಮೆ ಆಯಿತಮ್ಮ?"

ಚಿಕ್ಕತಾಯಮ್ಮ ಮೇಜಿನ ಮೇಲಿದ್ದ ಪೆಟ್ಟಿಗೆಯ ಧೂಳನ್ನು ಸೆರಗಿನಿಂದ ಒರೆಸಿದರು.

"ಈಗ ಎರಡೂ ಅವಳಲ್ಲಿವೆ. ಪೆಟ್ಟಿಗೆಯ ಬೆಲೆಯನ್ನು ಅವಳು ಕೊಟ್ಟಳು, ಅಗ್ಗದ್ದರ ಬೆಲೆಯನ್ನು ಅಜ್ಜಿ ಕೊಟ್ಟಳು."